ನಾಯಿಯ ಹೆರಿಗೆ ನಡುವೆ ನಿಂತಾಗ: ಕೊಡಗಿನ ತೋಟದ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಹೆಚ್ಚಿನ ಹೆಣ್ಣುನಾಯಿಗಳು ಯಾರ ನೆರವೂ ಇಲ್ಲದೆ ಮರಿ ಹಾಕುತ್ತವೆ. ರಾತ್ರಿ ಸೌದೆ ಕೊಟ್ಟಿಗೆಯಲ್ಲಿ ಒಂಟಿಯಾಗಿ ಮಲಗಿದ್ದ ನಾಯಿಯ ಮಗ್ಗುಲಲ್ಲಿ ಬೆಳಿಗ್ಗೆ ಐದಾರು ಮರಿಗಳು ಹಾಲು ಕುಡಿಯುತ್ತಿರುವುದನ್ನು ಕೊಡಗಿನ ತೋಟದ ಮನೆಯವರೆಲ್ಲ ಕಂಡಿದ್ದಾರೆ. ಈ ಬರಹ ಹಾಗಾಗದ ರಾತ್ರಿಗೆ ಮೀಸಲು. ಹೆರಿಗೆ ಶುರುವಾಗಿ ಮುಂದೆ ಸಾಗದಿದ್ದರೆ ತಡೆ ಎಲ್ಲಿದೆ ಎಂದು ಗುರುತಿಸುವುದು ಹೇಗೆ, ಮನೆಯಲ್ಲಿ ಏನು ಮಾಡಬಹುದು, ಏನನ್ನು ಮಾಡಲೇಬಾರದು, ಯಾವ ಗಳಿಗೆಯಲ್ಲಿ ನಾಯಿಯನ್ನು ಜೀಪಿಗೆ ಹತ್ತಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಎಲ್ಲಕ್ಕಿಂತ ಮೊದಲು ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎರಡು ಮರಿಗಳ ನಡುವೆ ಎರಡು ಗಂಟೆಯವರೆಗೆ ಕಾಯಬಹುದು ಎಂಬಂಥ ಮಾತುಗಳು ಹತ್ತು ನಿಮಿಷದ ದೂರದಲ್ಲಿ ಪಶುವೈದ್ಯರಿರುವ ಊರಿಗೆ ಸರಿ. ಬಿರುನಾಣಿಯಲ್ಲೋ ಗಾಳಿಬೀಡಿನಲ್ಲೋ ಭಾಗಮಂಡಲದ ಆಚೆಯ ತೋಟದಲ್ಲೋ ಇರುವವರು ಆಸ್ಪತ್ರೆ ತಲುಪಲು ಹಿಡಿಯುವ ಹೊತ್ತನ್ನು ಆ ಎರಡು ಗಂಟೆಯಿಂದಲೇ ಕಳೆಯಬೇಕು. ಸಿಸೇರಿಯನ್ ಬೇಕಾಗಿ ಮೈಸೂರಿಗೇ ಹೋಗಬೇಕಾಗಿ ಬಂದರೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದಾರಿ. ಮಳೆಗಾಲದಲ್ಲಿ ಮರ ಬಿದ್ದರೆ ಅಥವಾ ಗುಡ್ಡ ಜರಿದರೆ ಆ ದಾರಿಯೂ ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಮತ್ತು ಸಂಪಾಜೆಯ ನಡುವಿನ ರಸ್ತೆ ಕಡಿದುಹೋದಾಗ ಮನುಷ್ಯರೇ ದಾಟಲಾಗದೆ ಸಿಕ್ಕಿಬಿದ್ದಿದ್ದರು. ಆದ್ದರಿಂದ ಇಲ್ಲಿ ಬೇಗ ಹೊರಡುವುದನ್ನು ಅತಿ ಗಾಬರಿ ಎಂದು ಯಾರೂ ಭಾವಿಸಬಾರದು.

ಗಡಿಯಾರ, ಥರ್ಮಾಮೀಟರ್, ಬಿಳಿ ಬಟ್ಟೆ

ದೋಷವನ್ನು ಪತ್ತೆಹಚ್ಚಲು ಮುಖ್ಯವಾಗಿ ಬೇಕಾಗುವುದು ಈ ಮೂರು. ಗಬ್ಬದ ಕೊನೆಯ ವಾರದಲ್ಲಿ ದಿನಕ್ಕೆ ಎರಡು ಸಲ ಗುದದ್ವಾರದಲ್ಲಿ ಜ್ವರ ನೋಡಿ ಬರೆದಿಡಬೇಕು. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 99 ಡಿಗ್ರಿಗೋ ಅದಕ್ಕಿಂತ ಕೆಳಗೋ ಇಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ ಶುರುವಾಗುತ್ತದೆ. ಈ ಇಳಿತ ಕೆಲವು ಗಂಟೆ ಮಾತ್ರ ಇರುವುದರಿಂದ ದಿನಕ್ಕೊಮ್ಮೆ ನೋಡುವವರಿಗೆ ಅದು ತಪ್ಪಿಹೋಗಬಹುದು.

ಕೂಡಿದ ದಿನದಿಂದ ಎಣಿಸಿದರೆ 57ರಿಂದ 72 ದಿನಗಳ ನಡುವೆ ಯಾವಾಗ ಬೇಕಾದರೂ ಹೆರಿಗೆಯಾಗಬಹುದು, ಏಕೆಂದರೆ ವೀರ್ಯವು ನಾಯಿಯ ದೇಹದಲ್ಲಿ ಹಲವು ದಿನ ಬದುಕಿರುತ್ತದೆ. ಅಂಡ ಬಿಡುಗಡೆಯಾದ ದಿನದಿಂದ ಎಣಿಸಿದರೆ ಮಾತ್ರ ಅದು 63 ದಿನಗಳ ಆಸುಪಾಸಿಗೆ ಬಂದು ನಿಲ್ಲುತ್ತದೆ. 55ನೇ ದಿನದ ನಂತರ ತೆಗೆಸಿದ ಎಕ್ಸ್‌ರೇ ಹೊಟ್ಟೆಯಲ್ಲಿ ಎಷ್ಟು ಮರಿಗಳಿವೆ ಎಂದು ತಿಳಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ದೂರದ ತೋಟದಲ್ಲಿರುವವರಿಗೆ ಇಷ್ಟು ಬೆಲೆಬಾಳುವ ಪರೀಕ್ಷೆ ಇನ್ನೊಂದಿಲ್ಲ. ಎಷ್ಟು ಮರಿ ಎಂದು ಗೊತ್ತಿದ್ದರೆ ರಾತ್ರಿ ಎರಡು ಗಂಟೆಗೆ ‘ಮುಗಿಯಿತೋ, ಇನ್ನೂ ಇದೆಯೋ’ ಎಂಬ ಪ್ರಶ್ನೆ ಏಳುವುದೇ ಇಲ್ಲ.

ನಾಯಿಯ ಕೆಳಗೆ ಗೋಣಿಚೀಲ ಹಾಸುವ ರೂಢಿ ನಮ್ಮಲ್ಲಿದೆ. ಹೆರಿಗೆಗೆ ಅದು ಒಳ್ಳೆಯದಲ್ಲ. ಮಳೆಗಾಲದಲ್ಲಿ ಅದು ತೇವ ಹಿಡಿಯುತ್ತದೆ, ಮರಿಗಳ ಉಗುರು ನಾರಿಗೆ ಸಿಕ್ಕಿಕೊಳ್ಳುತ್ತದೆ, ಮುಖ್ಯವಾಗಿ ಸ್ರಾವದ ಬಣ್ಣ ಅದರ ಮೇಲೆ ಕಾಣುವುದಿಲ್ಲ. ಹಳೆಯ ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ, ಕರೆಂಟು ಹೋಗಿದ್ದರೂ ಟಾರ್ಚ್ ಬೆಳಕಿನಲ್ಲಿ ಕೆಂಪು, ಕಂದು, ಹಸಿರು ಬೇರೆ ಬೇರೆಯಾಗಿ ಗೊತ್ತಾಗುತ್ತವೆ. ಮೊದಲ ಸಲ ಜೋರಾಗಿ ಮುಕ್ಕಿದ, ಎಂದರೆ ಮರಿಯನ್ನು ಹೊರದೂಡಲು ತಿಣುಕಿದ ಹೊತ್ತು, ಪ್ರತಿ ಮರಿ ಹೊರಬಂದ ಹೊತ್ತು, ಪ್ರತಿ ಮಾಸು ಬಿದ್ದ ಹೊತ್ತು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಬೇಕು. ಆತಂಕದಲ್ಲಿರುವವರಿಗೆ ಹತ್ತು ನಿಮಿಷ ಒಂದು ಗಂಟೆಯಂತೆಯೂ, ನಿದ್ದೆಗಣ್ಣಿನಲ್ಲಿರುವವರಿಗೆ ಒಂದು ಗಂಟೆ ಹತ್ತು ನಿಮಿಷದಂತೆಯೂ ತೋರುವುದರಿಂದ ನೆನಪನ್ನು ನಂಬಬಾರದು.

ಇವು ದೋಷಗಳಲ್ಲ

ಮೊದಲ ಹಂತದಲ್ಲಿ ನಾಯಿ ಏದುಸಿರು ಬಿಡುತ್ತದೆ, ನಡುಗುತ್ತದೆ, ಅನ್ನ ಮುಟ್ಟುವುದಿಲ್ಲ, ಒಮ್ಮೊಮ್ಮೆ ವಾಂತಿ ಮಾಡುತ್ತದೆ, ಹಾಸಿದ ಬಟ್ಟೆಯನ್ನು ಕೆದರಿ ಮೂಲೆಗೆ ತಳ್ಳುತ್ತದೆ. ಇದು ಆರರಿಂದ ಹನ್ನೆರಡು ಗಂಟೆ, ಚೊಚ್ಚಲ ಹೆರಿಗೆಯಲ್ಲಿ ಒಂದು ದಿನದವರೆಗೂ ಇರಬಹುದು. ಈ ಹೊತ್ತಿನಲ್ಲಿ ಗರ್ಭಕೋಶದ ಬಾಯಿ ತೆರೆಯುತ್ತಿರುತ್ತದೆಯೇ ಹೊರತು ನಾಯಿ ಇನ್ನೂ ಮುಕ್ಕುತ್ತಿರುವುದಿಲ್ಲ. ಆಗ ನೆಂಟರಿಷ್ಟರು ಸುತ್ತ ಕುಳಿತು ನೋಡುವುದು, ಮಕ್ಕಳು ಟಾರ್ಚ್ ಬಿಡುವುದು ಹೆರಿಗೆಯನ್ನು ನಿಧಾನಗೊಳಿಸುತ್ತದೆ. ಹೆದರಿದ ನಾಯಿ ನೋವನ್ನು ತಡೆಹಿಡಿಯಬಲ್ಲದು. ಅದು ನೆಚ್ಚಿದ ಒಬ್ಬರು ಮಾತ್ರ ಹತ್ತಿರವಿದ್ದರೆ ಸಾಕು.

ಹಿಂಗಾಲು ಮೊದಲಾಗಿ ಮರಿ ಬರುವುದೂ ದೋಷವಲ್ಲ. ದನಕರುಗಳ ಹೆರಿಗೆ ನೋಡಿದವರು ಇದನ್ನು ಕಂಡು ಗಾಬರಿಯಾಗುತ್ತಾರೆ, ಆದರೆ ನಾಯಿಮರಿಗಳಲ್ಲಿ ಸುಮಾರು ನೂರಕ್ಕೆ ನಲವತ್ತು ಹೀಗೆಯೇ ಹುಟ್ಟುತ್ತವೆ. ಮೊದಲ ಮರಿ ಹುಟ್ಟಿದ ನಂತರ ಹಸಿರು ಮಿಶ್ರಿತ ಕಪ್ಪು ಸ್ರಾವ ಬರುವುದು ಸಹಜ, ಅದು ಮಾಸಿನ ಅಂಚಿನ ಬಣ್ಣ. ಎರಡು ಮರಿಗಳ ನಡುವೆ ನಾಯಿ ನೆಮ್ಮದಿಯಾಗಿ ಮಲಗಿ ಮರಿಗಳನ್ನು ನೆಕ್ಕುತ್ತಾ ಒಂದು ಗಂಟೆ ವಿರಮಿಸುವುದೂ ಸಹಜವೇ.

ದೋಷ ಒಂದು: ಹೊತ್ತಾದರೂ ಮುಕ್ಕುತ್ತಿಲ್ಲ

ಉಷ್ಣತೆ ಇಳಿದು 24 ಗಂಟೆ ಕಳೆದರೂ ಹೆರಿಗೆ ಶುರುವಾಗದಿದ್ದರೆ, ಅಥವಾ ಕೂಡಿದ ಕೊನೆಯ ದಿನದಿಂದ 70 ದಿನ ದಾಟಿದ್ದರೆ, ಗರ್ಭಕೋಶ ಎಚ್ಚರಗೊಂಡಿಲ್ಲ ಎಂದು ತಿಳಿಯಬೇಕು. ಹೊಟ್ಟೆಯಲ್ಲಿ ಒಂದೋ ಎರಡೋ ಮರಿ ಮಾತ್ರ ಇದ್ದಾಗ ಹೆರಿಗೆಯನ್ನು ಆರಂಭಿಸುವಷ್ಟು ಸೂಚನೆ ಮರಿಗಳಿಂದ ಸಿಗುವುದಿಲ್ಲ. ಹತ್ತು ಹನ್ನೆರಡು ಮರಿಗಳಿದ್ದಾಗ ಗರ್ಭಕೋಶ ಮಿತಿಮೀರಿ ಹಿಗ್ಗಿ ಹಿಂಡುವ ಬಲ ಕಳೆದುಕೊಳ್ಳುತ್ತದೆ. ವಯಸ್ಸಾದ ನಾಯಿ, ಮೈ ಬೆಳೆದ ಲ್ಯಾಬ್ರಡಾರ್, ಉಣ್ಣೆ ಕಚ್ಚಿ ಜ್ವರ ಬಂದು ರಕ್ತ ಬತ್ತಿದ ತೋಟದ ನಾಯಿ, ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದ ನಾಯಿ, ಇವುಗಳಿಗೂ ಇದೇ ತೊಂದರೆ ಬರುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ. ಸರಪಳಿ ಹಾಕಿ ಅಂಗಳದಲ್ಲಿ ಹತ್ತು ನಿಮಿಷ ನಡೆಸಬಹುದು, ಕುಡಿಯುವುದಾದರೆ ಗ್ಲೂಕೋಸ್ ನೀರು ಕೊಡಬಹುದು. ಇದರಿಂದ ನೋವು ಬರದಿದ್ದರೆ ಇನ್ನೊಂದು ದಿನ ನೋಡೋಣ ಎನ್ನದೆ ವೈದ್ಯರಲ್ಲಿಗೆ ಹೋಗಬೇಕು. ನಾಯಿ ಲವಲವಿಕೆಯಿಂದ ಇದೆ ಎಂಬುದು ಇಲ್ಲಿ ಸಮಾಧಾನದ ವಿಷಯವಲ್ಲ, ಏಕೆಂದರೆ ತಾಯಿ ಆರಾಮವಾಗಿರುವಾಗಲೇ ಒಳಗೆ ಮರಿಗಳು ಸಾಯುತ್ತಿರಬಹುದು. ಮರಿಯ ಎದೆಬಡಿತ ನಿಮಿಷಕ್ಕೆ 200ಕ್ಕಿಂತ ಮೇಲಿರಬೇಕು; 180ಕ್ಕಿಂತ ಕೆಳಗಿಳಿದರೆ ಅದು ಸಂಕಟದಲ್ಲಿದೆ ಎಂದರ್ಥ. ಇದನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಬಹುದೇ ಹೊರತು ಹೊಟ್ಟೆ ಮುಟ್ಟಿ ಹೇಳಲಾಗದು.

ದೋಷ ಎರಡು: ಜೋರಾಗಿ ಮುಕ್ಕುತ್ತಿದೆ, ಮರಿ ಬರುತ್ತಿಲ್ಲ

ಇದು ಅತ್ಯಂತ ತುರ್ತಿನದು. ನಾಯಿ ಹೊಟ್ಟೆಯನ್ನು ಬಿಗಿಹಿಡಿದು, ಬಾಲ ಎತ್ತಿ, ಮಲವಿಸರ್ಜನೆಗೆ ಕುಳಿತಂತೆ ಬೆನ್ನು ಬಾಗಿಸಿ ಒಂದರ ಹಿಂದೊಂದರಂತೆ ಮುಕ್ಕುತ್ತಾ 20ರಿಂದ 30 ನಿಮಿಷವಾದರೂ ಮರಿ ಹೊರಬರದಿದ್ದರೆ ದಾರಿಯಲ್ಲಿ ತಡೆಯಿದೆ. ಆಗಾಗ ಬಿಟ್ಟು ಬಿಟ್ಟು, ಬಲವಿಲ್ಲದೆ ಮುಕ್ಕುತ್ತಿದ್ದರೆ ಗರಿಷ್ಠ ಮಿತಿ ಎರಡು ಗಂಟೆ. ಈ ಎರಡಕ್ಕೂ ಮೇಲೆ ಹೇಳಿದ ದಾರಿಯ ಲೆಕ್ಕ ಅನ್ವಯಿಸುತ್ತದೆ. ಮುಕ್ಕಲು ಶುರುವಾಗಿ ಹತ್ತು ಹದಿನೈದು ನಿಮಿಷದಲ್ಲೇ ವೈದ್ಯರಿಗೆ ಫೋನ್ ಮಾಡಿ, ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಬೇಕು.

ಗಾಡಿ ಬರುವಷ್ಟರಲ್ಲಿ ಒಂದು ಸಲ ಪರೀಕ್ಷಿಸಿ ನೋಡಬಹುದು. ಉಗುರು ಕತ್ತರಿಸಿ, ಮೊಣಕೈವರೆಗೆ ಸೋಪಿನಿಂದ ತೊಳೆದು, ಕೈಗವಸು ಹಾಕಿ, ಬೆರಳಿಗೆ ಲಿಕ್ವಿಡ್ ಪ್ಯಾರಾಫಿನ್ ಅಥವಾ ಔಷಧಿ ಅಂಗಡಿಯಲ್ಲಿ ಸಿಗುವ ಜಾರುವ ಜೆಲ್ಲಿ ಹಚ್ಚಿಕೊಂಡು ಒಂದೇ ಬೆರಳನ್ನು ನಿಧಾನವಾಗಿ ಒಳಗೆ ಬಿಡಬೇಕು. ಇನ್ನೊಬ್ಬರು ನಾಯಿಯ ತಲೆ ಹಿಡಿದಿರಬೇಕು. ಎಷ್ಟೇ ಸಾಧುವಾದ ನಾಯಿಯೂ ಈ ನೋವಿನಲ್ಲಿ ಕಚ್ಚಬಹುದು.

ಬೆರಳಿಗೆ ಸಿಗುವುದನ್ನು ಓದುವುದು ಹೀಗೆ. ಮೂಗು ಮತ್ತು ಎರಡು ಪಾದಗಳು ಸಿಕ್ಕರೆ ಮರಿ ಸರಿಯಾದ ದಾರಿಯಲ್ಲಿದೆ. ಪಾದ ಮಾತ್ರ ಸಿಕ್ಕರೆ ಅದರ ಮೆತ್ತನೆಯ ತಳ ಯಾವ ಕಡೆಗಿದೆ ಎಂದು ಗಮನಿಸಬೇಕು: ನಿಂತಿರುವ ತಾಯಿಯಲ್ಲಿ ಪಾದದ ತಳ ನೆಲದ ಕಡೆಗಿದ್ದರೆ ಸಾಮಾನ್ಯವಾಗಿ ಮುಂಗಾಲು, ಆಕಾಶದ ಕಡೆಗಿದ್ದರೆ ಹಿಂಗಾಲು. ಇದು ಕರು ಹಾಕುವ ಹಸುವಿನಲ್ಲಿ ನೋಡುವ ಗುರುತೇ. ಇಲ್ಲಿ ಆ ಪಾದ ಕಿರುಬೆರಳಿನ ತುದಿಯಷ್ಟು ಮಾತ್ರ ಇರುತ್ತದೆ. ಪಾದವಿಲ್ಲದೆ ಬಾಲ ಮತ್ತು ದುಂಡಗಿನ ಹಿಂಭಾಗ ಸಿಕ್ಕರೆ ಮರಿ ಕುಳಿತ ಭಂಗಿಯಲ್ಲಿ ಬರುತ್ತಿದೆ, ಹಿಂಗಾಲುಗಳು ಹೊಟ್ಟೆಯ ಕೆಳಗೆ ಮಡಿಚಿಕೊಂಡಿವೆ. ದೊಡ್ಡ ತಳಿಯ ನಾಯಿಯಾದರೆ ಕೆಲವೊಮ್ಮೆ ಹೀಗೂ ಹೊರಬರುತ್ತದೆ. ಮೊದಲ ಮರಿಯೇ ಹೀಗಿದ್ದರೆ ಅಥವಾ ನಾಯಿ ಚಿಕ್ಕದಿದ್ದರೆ ಬರುವುದು ಕಷ್ಟ. ನೆತ್ತಿ ಅಥವಾ ಕುತ್ತಿಗೆಯ ಪಕ್ಕ ಸಿಕ್ಕು ಮೂಗು ಸಿಗದಿದ್ದರೆ ತಲೆ ಪಕ್ಕಕ್ಕೋ ಎದೆಯ ಕಡೆಗೋ ತಿರುಗಿದೆ. ಇಷ್ಟು ಜೋರಾಗಿ ಮುಕ್ಕುತ್ತಿದ್ದರೂ ದಾರಿ ಖಾಲಿಯಾಗಿದ್ದರೆ ಮರಿ ಮೇಲೆಯೇ ಅಡ್ಡಲಾಗಿ ನಿಂತಿರಬಹುದು, ಅಥವಾ ಸೊಂಟದ ಎಲುಬಿನ ದಾರಿಗಿಂತ ತಲೆ ದೊಡ್ಡದಿರಬಹುದು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ತಳಿಗಳಲ್ಲಿಯೂ, ಹಿಂದೆ ಗಾಡಿಗೆ ಸಿಕ್ಕಿ ಸೊಂಟ ಮುರಿದು ಗುಣವಾದ ನಾಯಿಗಳಲ್ಲಿಯೂ ಈ ಕೊನೆಯ ಕಾರಣ ಹೆಚ್ಚು. ತಲೆ ತಿರುಗಿರುವುದು, ಅಡ್ಡ ನಿಂತಿರುವುದು, ದಾರಿ ಕಿರಿದಾಗಿರುವುದು, ಈ ಮೂರನ್ನೂ ಮನೆಯಲ್ಲಿ ಸರಿಪಡಿಸಲು ಹೋಗಬಾರದು. ಬೆರಳು ತೆಗೆದು ಹೊರಡಬೇಕು.

ಮರಿ ಸರಿಯಾದ ಭಂಗಿಯಲ್ಲಿದ್ದು ನೋವು ಮಾತ್ರ ಸಾಲದೆಂದು ಕಂಡರೆ ಯೋನಿಯ ಮೇಲ್ಗೋಡೆಯನ್ನು, ಎಂದರೆ ಬೆನ್ನಿನ ಕಡೆಯ ಗೋಡೆಯನ್ನು, ಬೆರಳಿನಿಂದ ಹಿಂದೆ ಮುಂದೆ ಮೆಲ್ಲಗೆ ಸವರಬಹುದು. ಈ ಒತ್ತಡಕ್ಕೆ ನಾಯಿಯ ಮೈಯಲ್ಲೇ ಗರ್ಭಕೋಶ ಹಿಂಡುವಂತೆ ಮಾಡುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಮುಕ್ಕುವ ಬಲ ಹೆಚ್ಚುತ್ತದೆ.

ದೋಷ ಮೂರು: ಮರಿ ಅರ್ಧ ಹೊರಬಂದು ಸಿಕ್ಕಿಕೊಂಡಿದೆ

ಈ ಒಂದು ಸಂದರ್ಭದಲ್ಲಿ ಮಾತ್ರ ಆಸ್ಪತ್ರೆಯ ತನಕ ಕಾಯಲು ಸಮಯವಿಲ್ಲ. ಮಾಸು ಕಳಚಿದ್ದರೆ ಅಥವಾ ಹೊಕ್ಕುಳಬಳ್ಳಿ ಸೊಂಟದ ಎಲುಬಿನ ನಡುವೆ ಅದುಮಿದ್ದರೆ ಮರಿಗೆ ಉಳಿದಿರುವುದು ಕೆಲವೇ ನಿಮಿಷ. ಹಿಂಗಾಲು ಮೊದಲಾಗಿ ಬಂದ ಮರಿಯ ತಲೆ ಒಳಗೇ ಉಳಿದಾಗ ಈ ಅಪಾಯ ಹೆಚ್ಚು.

ಮರಿಯ ಸುತ್ತ ಧಾರಾಳವಾಗಿ ಜೆಲ್ಲಿ ಹಚ್ಚಬೇಕು. ಒಣ, ಶುಭ್ರ ಬಟ್ಟೆಯಿಂದ ಮರಿಯನ್ನು ಹಿಡಿಯಬೇಕು. ಬರಿಗೈಯಲ್ಲಿ ಅದು ಜಾರುತ್ತದೆ, ಜಾರಿದಾಗ ಹಿಡಿತ ಬಿಗಿಯಾಗಿ ಪಕ್ಕೆಲುಬು ಮುರಿಯುತ್ತದೆ. ತಲೆ ಮೊದಲಾಗಿ ಬಂದಿದ್ದರೆ ಹೆಗಲಿನ ಹಿಂದೆ, ಹಿಂಗಾಲು ಮೊದಲಾಗಿದ್ದರೆ ಸೊಂಟವನ್ನು ಸುತ್ತುವರಿದು ಹಿಡಿಯಬೇಕು. ತಲೆಯನ್ನೋ ಒಂದೇ ಕಾಲನ್ನೋ ಬಾಲವನ್ನೋ ಹಿಡಿದು ಎಳೆಯಬಾರದು. ನಾಯಿ ಮುಕ್ಕಿದಾಗ ಮಾತ್ರ ಎಳೆಯಬೇಕು, ಅದು ನಿಲ್ಲಿಸಿದಾಗ ಹಿಡಿತ ಬಿಡದೆ ಸುಮ್ಮನಿರಬೇಕು. ಎಳೆಯುವ ದಿಕ್ಕು ನೇರ ಹಿಂದಕ್ಕಲ್ಲ. ಹೆರಿಗೆಯ ದಾರಿ ಸೊಂಟದ ಎಲುಬನ್ನು ಹತ್ತಿ ಕೆಳಗಿಳಿಯುವುದರಿಂದ ಹಿಂದಕ್ಕೂ ಕೆಳಕ್ಕೂ ಬಾಗಿಸುತ್ತಾ, ತಾಯಿಯ ಹಿಮ್ಮಡಿಗಳ ಕಡೆಗೆ ತರಬೇಕು. ಹೆಗಲು ಸಿಕ್ಕಿಕೊಂಡಿದ್ದರೆ ಮರಿಯನ್ನು ಎಡಕ್ಕೂ ಬಲಕ್ಕೂ ತುಸುವೇ ಓರೆ ಮಾಡಿದರೆ ಒಂದು ಹೆಗಲು ಮೊದಲು ಬಿಡಿಸಿಕೊಳ್ಳುತ್ತದೆ.

ಕರು ಎಳೆದು ರೂಢಿಯಾದವರಿಗೆ ಒಂದು ಮಾತು ಹೇಳಲೇಬೇಕು. ಹಗ್ಗ ಕಟ್ಟಿ ಇಬ್ಬರು ಮೂವರು ಎಳೆಯುವ ಪದ್ಧತಿಯನ್ನು ನಾಯಿಯ ಹತ್ತಿರ ತರಲೇಬಾರದು. ಇಲ್ಲಿ ಬೇಕಾಗುವುದು ಮೂರು ಬೆರಳಿನ ಬಲ. ಐದು ನಿಮಿಷದ ನಯವಾದ ಪ್ರಯತ್ನಕ್ಕೆ ಮರಿ ಬರದಿದ್ದರೆ ಹೊರಗೆ ಕಾಣುವ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿ ತಕ್ಷಣ ಹೊರಡಬೇಕು. ಆ ಮರಿ ಉಳಿಯದಿದ್ದರೂ ಹಿಂದಿರುವ ಮರಿಗಳನ್ನೂ ತಾಯಿಯನ್ನೂ ಉಳಿಸಿಕೊಳ್ಳಬಹುದು.

ದೋಷ ನಾಲ್ಕು: ಕೆಲವು ಮರಿ ಹುಟ್ಟಿ, ಹೆರಿಗೆ ನಿಂತಿದೆ

ಒಳಗೆ ಮರಿಗಳಿವೆ ಎಂದು ಗೊತ್ತಿದ್ದೂ ಎರಡು ಗಂಟೆ ಮುಕ್ಕದೇ ಮಲಗಿದ್ದರೆ ಗರ್ಭಕೋಶ ದಣಿದಿದೆ. ಹುಟ್ಟಿದ ಮರಿಗಳನ್ನು ಮೊಲೆಗೆ ಹಚ್ಚುವುದು ಮೊದಲ ಉಪಾಯ, ಹಾಲು ಚೀಪಿದಾಗಲೂ ಆಕ್ಸಿಟೋಸಿನ್ ಸ್ರವಿಸುತ್ತದೆ. ನಂತರ ಹೊರಗೆ ಸ್ವಲ್ಪ ನಡೆಸಬೇಕು, ಕತ್ತಲಲ್ಲಿ ಮರಿ ಜಾರಿ ಬಿದ್ದೀತೆಂದು ಟಾರ್ಚ್ ಹಿಡಿದು ಹಿಂದೆಯೇ ಇರಬೇಕು. ಅರ್ಧ ಗಂಟೆಯಲ್ಲಿ ನೋವು ಮರಳದಿದ್ದರೆ ಹೊರಡಬೇಕು.

ಹೊತ್ತನ್ನು ನೋಡದೆ ಹೊರಡಬೇಕಾದ ಗುರುತುಗಳು

ಮೊದಲ ಮರಿ ಹುಟ್ಟುವ ಮುನ್ನವೇ ಬಟ್ಟೆಯ ಮೇಲೆ ಕಡು ಹಸಿರು ಕಂಡರೆ ಒಂದಾದರೂ ಮಾಸು ಕಳಚಿದೆ ಎಂದರ್ಥ. ಹುಟ್ಟಿದ ಮೇಲೆ ಸಹಜವಾದ ಬಣ್ಣವೇ ಹುಟ್ಟುವ ಮೊದಲು ಅಪಾಯದ್ದು. ಧಾರೆಯಾಗಿ ಇಳಿಯುವ ಕೆಂಪು ರಕ್ತ, ಕೊಳೆತ ವಾಸನೆಯ ಸ್ರಾವ, ತಾಯಿ ತೂರಾಡುವುದು, ಒಸಡು ಬಿಳಿಚಿಕೊಳ್ಳುವುದು, ಮೈ ಸೆಟೆದು ಅದುರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಕಾಯಬಾರದು.

ಚುಚ್ಚುಮದ್ದಿನ ಬಗ್ಗೆ

ಹಸುವಿನ ಹಾಲು ಇಳಿಸಲೆಂದು ಕೆಲವರ ಮನೆಯಲ್ಲಿ ಆಕ್ಸಿಟೋಸಿನ್ ಇರುವುದುಂಟು. ಅದನ್ನು ನಾಯಿಗೆ ಚುಚ್ಚಬಾರದು. ದಾರಿಯಲ್ಲಿ ತಡೆಯಿರುವಾಗ ಅದನ್ನು ಕೊಟ್ಟರೆ ಗರ್ಭಕೋಶ ಬಿರಿಯಬಹುದು. ತಡೆಯಿಲ್ಲದಿದ್ದರೂ ಪ್ರಮಾಣ ಹೆಚ್ಚಾದರೆ ಗರ್ಭಕೋಶ ಬಿಡುವಿಲ್ಲದೆ ಬಿಗಿದು ಮರಿಗಳಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ವೈದ್ಯರು ಅದನ್ನು ಕೊಡುವುದು ಮರಿಯ ಭಂಗಿ ನೋಡಿ, ಬಹಳ ಸಣ್ಣ ಪ್ರಮಾಣದಲ್ಲಿ. ಗಬ್ಬದ ನಾಯಿಗೆ ತಿಂಗಳುಗಟ್ಟಲೆ ಕ್ಯಾಲ್ಸಿಯಂ ಮಾತ್ರೆ ತಿನ್ನಿಸುವುದೂ ತಪ್ಪು. ಹೊರಗಿನಿಂದ ಬೇಕಾದಷ್ಟು ಬರುತ್ತಿದ್ದರೆ ಎಲುಬಿನಿಂದ ಕ್ಯಾಲ್ಸಿಯಂ ಸೆಳೆಯುವ ದೇಹದ ವ್ಯವಸ್ಥೆ ಮಂದವಾಗಿ, ಹಾಲು ಇಳಿದಾಗ ನಾಯಿ ಸೆಟೆದುಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ.

ಹೊರಡುವಾಗ

ಪಶುಸಂಗೋಪನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಯಲ್ಲಿ ಕರೆ ಮಾಡಬಹುದು. ಆದರೆ ರಾತ್ರಿ ಯಾರು ಸಿಗುತ್ತಾರೆ, ಸಿಸೇರಿಯನ್ ಮಾಡುವವರು ವಿರಾಜಪೇಟೆಯಲ್ಲಿದ್ದಾರೋ ಕುಶಾಲನಗರದಲ್ಲೋ ಮೈಸೂರಿನಲ್ಲೋ ಎಂಬುದನ್ನು ಗಬ್ಬದ 50ನೇ ದಿನದೊಳಗೇ ವಿಚಾರಿಸಿ, ನಂಬರನ್ನು ಗೋಡೆಯ ಮೇಲೆ ಬರೆದಿಡಬೇಕು. ಮಳೆಯಲ್ಲಿ ನೆಟ್‌ವರ್ಕ್ ಹೋಗುವ ಕಡೆ ಸಿಗ್ನಲ್ ಸಿಗುವ ತಿರುವು ಯಾವುದೆಂದು ಮನೆಯ ಎಲ್ಲರಿಗೂ ತಿಳಿದಿರಲಿ. ಆನೆ ಓಡಾಡುವ ದಾರಿಯಾದರೆ ಒಬ್ಬರೇ ಹೊರಡಬಾರದು. ಶಸ್ತ್ರಚಿಕಿತ್ಸೆಯ ಸಾಧ್ಯತೆಯಿದ್ದರೆ ನಾಯಿಗೆ ಅನ್ನ ಹಾಕಬಾರದು. ಹುಟ್ಟಿದ ಮರಿಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿಟ್ಟು ಜೊತೆಗೇ ಒಯ್ಯಬೇಕು. ಹೊತ್ತು ಬರೆದ ಹಾಳೆಯನ್ನು ಮರೆಯಬಾರದು. ವೈದ್ಯರು ಕೇಳುವ ಪ್ರಶ್ನೆಗಳಿಗೆಲ್ಲ ಅದರಲ್ಲಿ ಉತ್ತರವಿರುತ್ತದೆ.

ಮರಿ ಉಸಿರಾಡದಿದ್ದರೆ

ತಡವಾಗಿ ಹುಟ್ಟಿದ ಮರಿ ಸತ್ತಂತೆ ಕಂಡರೂ ಕೈಬಿಡಬಾರದು. ತಾಯಿ ಮಾಸಿನ ಚೀಲ ಹರಿಯದಿದ್ದರೆ ತಕ್ಷಣ ನಾವೇ ಹರಿದು, ಮೂಗು ಬಾಯಿಯ ಲೋಳೆಯನ್ನು ಬಟ್ಟೆಯಿಂದ ಒರೆಸಿ, ತಲೆ ತುಸು ಕೆಳಗಿರುವಂತೆ ಹಿಡಿದು, ಒಣ ಟವೆಲಿನಿಂದ ಬೆನ್ನು ಮತ್ತು ಎದೆಯನ್ನು ಚುರುಕಾಗಿ ಉಜ್ಜಬೇಕು. ಕಾಲು ಹಿಡಿದು ತಲೆಕೆಳಗಾಗಿ ಬೀಸುವ ಹಳೆಯ ಕ್ರಮದಿಂದ ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ, ಅದನ್ನು ಬಿಡಬೇಕು. ಒಂದು ನಿಮಿಷ ಉಜ್ಜಿದರೂ ಉಸಿರು ಬರದಿದ್ದರೆ ಮರಿಯ ಮೂಗು ಬಾಯಿ ಎರಡನ್ನೂ ನಮ್ಮ ತುಟಿಯಿಂದ ಮುಚ್ಚಿ, ಕೆನ್ನೆಯಲ್ಲಿರುವಷ್ಟೇ ಗಾಳಿಯನ್ನು ಎದೆ ಉಬ್ಬುವಂತೆ ಮೆಲ್ಲಗೆ ಊದಬೇಕು. ಎದೆಬಡಿತ ಬೆರಳಿಗೆ ಸಿಗುತ್ತಿರುವವರೆಗೆ ಈ ಪ್ರಯತ್ನ ಮುಂದುವರಿಯಲಿ. ಬಳ್ಳಿಯನ್ನು ಹೊಟ್ಟೆಯಿಂದ ಒಂದಂಗುಲ ಬಿಟ್ಟು ಕುದಿಸಿದ ದಾರದಿಂದ ಕಟ್ಟಿ, ಆಚೆಗೆ ಕತ್ತರಿಸಿ, ತುದಿಗೆ ಅಯೋಡಿನ್ ಹಚ್ಚಬೇಕು.

ಮಡಿಕೇರಿಯ ಕಡೆಯ ಮಳೆಗಾಲದ ರಾತ್ರಿಯ ಚಳಿ ಹೊಸ ಮರಿಗೆ ಪ್ರಾಣಾಂತಿಕ. ಮೊದಲ ವಾರ ಮರಿಗಳ ಸುತ್ತಲಿನ ಗಾಳಿ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಕರೆಂಟ್ ಇಲ್ಲದಾಗ ಬಚ್ಚಲೊಲೆಯ ಹಿಂಬದಿಯ ಬೆಚ್ಚನೆಯ ಮೂಲೆ ಒಳ್ಳೆಯದು, ಹೊಗೆ ಅಲ್ಲಿಗೆ ತಿರುಗಬಾರದಷ್ಟೆ. ತಣ್ಣಗಾದ ಮರಿಗೆ ಹಾಲು ಜೀರ್ಣವಾಗದು. ಮೊದಲು ಮೈ ಬೆಚ್ಚಗಾಗಲಿ, ಆಮೇಲೆ ಮೊಲೆಗೆ ಹಚ್ಚಿ.

ಹೆರಿಗೆಯ ನಂತರದ ದಿನಗಳು

ಕಷ್ಟದ ಹೆರಿಗೆಯಾದ ನಾಯಿಯನ್ನು ಮರುದಿನ ವೈದ್ಯರಿಗೆ ತೋರಿಸಿ, ಒಳಗೆ ಮರಿಯಾಗಲಿ ಮಾಸಾಗಲಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ವಾಸನೆಯಿಲ್ಲದ ಕಂದು ಕೆಂಪು ಸ್ರಾವ ಮೂರು ವಾರ ಇರುವುದು ಸಹಜ. ಜ್ವರ 103 ಡಿಗ್ರಿ ದಾಟಿ, ಸ್ರಾವ ನಾತ ಹೊಡೆದು, ತಾಯಿ ಮರಿಗಳನ್ನು ದೂರ ತಳ್ಳಿದರೆ ಗರ್ಭಕೋಶಕ್ಕೆ ಸೋಂಕು ತಗುಲಿದೆ. ಮರಿಗಳು ಜೋರಾಗಿ ಹಾಲು ಕುಡಿಯುವ ಮೊದಲ ನಾಲ್ಕು ವಾರಗಳಲ್ಲಿ ತಾಯಿ ಏದುಸಿರು ಬಿಡುತ್ತಾ, ಕಾಲು ಬಿಗಿಯಾಗಿ, ನಡುಗತೊಡಗಿದರೆ ಅದು ಕ್ಯಾಲ್ಸಿಯಂ ಕುಸಿತ. ಮರಿಗಳನ್ನು ಬೇರ್ಪಡಿಸಿ ಆ ಗಂಟೆಯಲ್ಲೇ ಆಸ್ಪತ್ರೆಗೆ ಒಯ್ಯಬೇಕು.

ಸೊಂಟದ ದಾರಿ ಕಿರಿದಾಗಿ ಕಷ್ಟವಾದ ನಾಯಿಗೆ ಮುಂದಿನ ಸಲವೂ ಅದೇ ಕಷ್ಟ ಬರುತ್ತದೆ. ಅಂಥ ನಾಯಿಯನ್ನು ಮತ್ತೆ ಕೂಡಿಸಬಾರದು, ಮರಿಗಳು ಹಾಲು ಬಿಟ್ಟ ಮೇಲೆ ಗರ್ಭಕೋಶ ತೆಗೆಸುವ ಶಸ್ತ್ರಚಿಕಿತ್ಸೆ ಮಾಡಿಸಬೇಕು. ತೋಟದಲ್ಲಿ ಬಿಟ್ಟ ನಾಯಿ ಅಷ್ಟರೊಳಗೆ ಗಬ್ಬವಾಗಿಬಿಟ್ಟರೆ, ಕೂಡಿದ ದಿನವನ್ನು ಬರೆದಿಟ್ಟು, 55ನೇ ದಿನದ ಎಕ್ಸ್‌ರೇಯೊಂದಿಗೆ ವೈದ್ಯರನ್ನು ಕಂಡು, ನೋವು ಶುರುವಾಗುವ ಮೊದಲೇ ಸಿಸೇರಿಯನ್‌ನ ದಿನ ಗೊತ್ತು ಮಾಡಿಕೊಳ್ಳಬೇಕು.